ಕತೆಗೆ ಕಿವಿ ಇರುತ್ತಾ?

(ಚಿಕ್ಕ ಮಕ್ಕಳ ತಂದೆ-ತಾಯಂದಿರು ಮತ್ತು ಒಂದು, ಎರಡನೇ ತರಗತಿಯ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿಗೆ ಆರು ವರ್ಷದ ಮಗಳಿದ್ದಾಳೆ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅಂತಲೇ ಕರೆಯುವುದು. ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. "ದೊಡ್ಡಮ್ಮ, ನಾನೇ ಓದ್ತೀನಿ. ನೀನು ಹೇಳ್ಕೊಡಬಾರದು" ಅಂತ ಮೊದಲೇ ಕರಾರು ಹಾಕಿದಳು. ಸರಿ ಅಂದೆ.

ಪುಟದಲ್ಲಿ ಎರಡೇ ಸಾಲು ಇತ್ತು. 'ಒಂದು ಕತ್ತೆ. ಅದರ ಕಿವಿ ಉದ್ದ.' ಚಿತ್ರ ಇದ್ದದ್ದು ಮುಂದಿನ ಪುಟದಲ್ಲಿ. ಅವಳು ಬೆರಳಿಟ್ಟು ಶುರು ಮಾಡಿದಳು. "ಒಂದು... ಕ... ತೆ. ಕತೆ. ಒಂದು ಕತೆ. ಅದರ... ಕಿ... ವಿ..."

ಅಲ್ಲಿಗೆ ನಿಂತುಬಿಟ್ಟಳು.

ನನ್ನ ನಾಲಿಗೆಯ ತುದಿಗೆ 'ಕತ್ತೆ' ಬಂದು ಕೂತಿತ್ತು. ಮಾತು ಕೊಟ್ಟಿದ್ದೆನಲ್ಲ, ಸುಮ್ನೆ ಇದ್ದೆ. ಅವಳ ಬೆರಳು ಮೆಲ್ಲಗೆ ಹಿಂದಕ್ಕೆ ಬಂತು. ಮೊದಲ ಸಾಲಿಗೆ ಹೋಯಿತು. ತುಟಿ ಅಲ್ಲಾಡುತ್ತಿತ್ತು. "ಕತೆಗೆ ಕಿವಿ ಇರುತ್ತಾ?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು. ಆಮೇಲೆ ಬೆರಳು 'ತೆ' ಮೇಲಿಂದ ಜಾರಿ ಅದರ ಕೆಳಗಿನ ಒತ್ತಿಗೆ ಇಳಿಯಿತು. "ಕ... ತ್... ತೆ. ಕತ್ತೆ! ದೊಡ್ಡಮ್ಮ, ಕತ್ತೆ ಇದು!"

ಇದೆಲ್ಲ ನಡೆದದ್ದು ಹೆಚ್ಚೆಂದರೆ ಹತ್ತು ಸೆಕೆಂಡಿನಲ್ಲಿ. ಈವತ್ತಿನ ನನ್ನ ಮಾತೆಲ್ಲ ಆ ಹತ್ತು ಸೆಕೆಂಡಿನ ಬಗ್ಗೆಯೇ.

ಆ ಹೊತ್ತಿನಲ್ಲಿ ಅವಳು ಏನೇನು ಮಾಡಿದಳು ನೋಡಿ. ಅಕ್ಷರ ಗುರುತಿಸಿದಳು. ಕೂಡಿಸಿ ಪದ ಮಾಡಿದಳು. ಪದಗಳನ್ನು ಸೇರಿಸಿ ಅರ್ಥ ಕಟ್ಟಿದಳು. ಆ ಅರ್ಥ ಎಲ್ಲೋ ಸರಿಹೋಗುತ್ತಿಲ್ಲ ಎಂದು ಅವಳಿಗೇ ಅನಿಸಿತು. ತಪ್ಪು ಎಲ್ಲಾಗಿರಬಹುದು ಎಂದು ಹುಡುಕಿಕೊಂಡು ಹಿಂದಕ್ಕೆ ಹೋದಳು. ಸಿಕ್ಕಿತು. ಸರಿಮಾಡಿದಳು. 'ಕತೆ' ಎಂದ ಕೂಡಲೇ ನಾನು 'ಕತೆ ಅಲ್ಲ, ಕತ್ತೆ' ಎಂದಿದ್ದರೆ ಅವಳಿಗೆ ಒಂದು ಪದ ಸಿಗುತ್ತಿತ್ತು. ಹಿಂದಕ್ಕೆ ಹೋಗುವ ದಾರಿ ಸಿಗುತ್ತಿರಲಿಲ್ಲ.

ನ್ಯೂಜಿಲೆಂಡಿನ ಮೇರಿ ಕ್ಲೇ ಎಂಬ ಸಂಶೋಧಕಿ 1960ರ ದಶಕದಲ್ಲಿ ಮಾಡಿದ್ದು ಇದೇ ಕೆಲಸ. ಆಗಷ್ಟೇ ಶಾಲೆಗೆ ಸೇರಿದ ಮಕ್ಕಳ ಪಕ್ಕ ಕೂತು, ಅವರು ಓದಿದ್ದನ್ನು ತಪ್ಪಿನ ಸಮೇತ ಹಾಗೆ ಹಾಗೇ ಬರೆದುಕೊಂಡರು. ಮಗು ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವುದು ಓದು ಕುದುರುತ್ತಿದೆ ಎಂಬುದಕ್ಕೆ ದೊಡ್ಡ ಗುರುತು ಎಂದು ಅವರು ಕಂಡುಕೊಂಡರು. ಎಷ್ಟು ತಪ್ಪಾಯಿತು ಎಂದು ಎಣಿಸುವುದರ ಜೊತೆಗೆ, ಯಾವ ಥರದ ತಪ್ಪು ಎಂದು ಕೇಳುವ ಅಭ್ಯಾಸ ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು.

ನಾನು ಕೇಳಿಕೊಳ್ಳುವುದೂ ಇಷ್ಟೇ. ಮಗು ತಪ್ಪು ಓದಿದಾಗ, ಅದು ಯಾವುದನ್ನು ಸರಿಯಾಗಿ ಓದಿದೆ ಎಂದು ಮೊದಲು ನೋಡಿ.

ಈ ಕತೆ ಅಕ್ಷರಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಎರಡು-ಮೂರು ವರ್ಷದ ಮಗು ಪುಸ್ತಕ ತೆರೆದು, ಗೊತ್ತಿರುವ ಕತೆಯನ್ನು ಪುಟ ತಿರುಗಿಸುತ್ತಾ ಹೇಳುತ್ತದೆ. ಕೆಲವು ಸಲ ಪುಸ್ತಕ ತಲೆಕೆಳಗಾಗಿರುತ್ತದೆ. 'ಓದೋ ಥರ ಆಟ ಆಡ್ತಿದೆ' ಎಂದು ನಾವು ನಗುತ್ತೇವೆ. ಆದರೆ ಅದರ ದನಿ ಕೇಳಿ. ಮಾಮೂಲಿ ಮಾತಿನ ದನಿ ಅಲ್ಲ ಅದು. 'ಇತ್ತು', 'ಹೋಯಿತು', 'ಹೇಳಿತು' ಎಂದು ಪುಸ್ತಕದ ಭಾಷೆಯಲ್ಲಿ ಹೇಳುತ್ತಿರುತ್ತದೆ. ಪುಸ್ತಕದ ಮಾತಿಗೂ ಮನೆಯ ಮಾತಿಗೂ ವ್ಯತ್ಯಾಸ ಇದೆ ಎಂದು ಅದಕ್ಕೆ ಯಾರೂ ಪಾಠ ಮಾಡಿಲ್ಲ. ಕೇಳಿ ಕೇಳಿ ಹಿಡಿದುಕೊಂಡಿದೆ.

ಇನ್ನೊಂದು ಸಂಗತಿ ನಿಮ್ಮೆಲ್ಲರ ಮನೆಯಲ್ಲೂ ನಡೆದಿರುತ್ತೆ. ರಾತ್ರಿ ನಿದ್ದೆ ಎಳೆಯುತ್ತಿರುವಾಗ ಕತೆ ಓದುತ್ತಾ ಒಂದು ಸಾಲು ಹಾರಿಸುತ್ತೀರಿ. ಮಗು ಬಿಡುವುದಿಲ್ಲ. 'ಅಪ್ಪಾ, ಹಾಗಲ್ಲ, ನರಿ ಬಂದಿದ್ದು ಹೇಳಲೇ ಇಲ್ಲ' ಎಂದು ಹಿಡಿದು ನಿಲ್ಲಿಸುತ್ತದೆ. ಬಾಯಲ್ಲಿ ಹೇಳುವ ಕತೆ ದಿನಕ್ಕೊಂದು ಥರ ಇರಬಹುದು, ಪುಸ್ತಕದಲ್ಲಿರುವುದು ಮಾತ್ರ ಯಾವಾಗ ತೆರೆದರೂ ಅದೇ ಇರುತ್ತದೆ. ಬರಹ ಅಂದರೆ ಏನು ಎಂಬುದರ ಅರ್ಧ ಪಾಠ ಅಲ್ಲೇ ಮುಗಿಯಿತು, ಅಲ್ವಾ? ಇನ್ನೂ ಒಂದು ಅಕ್ಷರವೂ ಬರುವುದಿಲ್ಲ, ಆದರೂ ಇಷ್ಟು ತಿಳಿದಿದೆ.

ಆಮೇಲೆ ಮಗು ಕೆಲವು ಪದಗಳನ್ನು 'ಓದಲು' ಶುರು ಮಾಡುತ್ತದೆ. ತನ್ನ ಹೆಸರು, ಯಾವುದೋ ಪೊಟ್ಟಣದ ಮೇಲಿನ ಹೆಸರು. ಇದು ಅಕ್ಷರದ ಓದಲ್ಲ, ಮುಖ ಗುರುತಿಸಿದ ಹಾಗೆ. ಅಮೆರಿಕದಲ್ಲಿ ಲಿನಿಯಾ ಏರಿ ಮತ್ತು ಸಂಗಡಿಗರು 1984ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 'ಪೆಪ್ಸಿ' ಎಂಬ ಹೆಸರಿನ ಇಂಗ್ಲಿಷ್ ಬರಹದಲ್ಲಿ ಮೊದಲ ಅಕ್ಷರ ಕಿತ್ತು ಅಲ್ಲಿ 'ಎಕ್ಸ್' ಇಟ್ಟರು. ಬಣ್ಣ, ಆಕಾರ ಎಲ್ಲ ಹಾಗೇ ಇತ್ತು. ಇನ್ನೂ ಓದು ಬಾರದ ಪುಟಾಣಿಗಳಿಗೆ ಅದನ್ನು ತೋರಿಸಿದಾಗ ಹೆಚ್ಚಿನವರು ಆಗಲೂ 'ಪೆಪ್ಸಿ' ಅಂತಲೇ ಓದಿದರು. ಅಕ್ಷರ ಬದಲಾದದ್ದು ಕಣ್ಣಿಗೇ ಬೀಳಲಿಲ್ಲ.

ಇದಕ್ಕಿಂತ ನನಗೆ ಇಷ್ಟವಾದದ್ದು ಎಮಿಲಿಯಾ ಫೆರೆರೊ ಮತ್ತು ಆನಾ ತೆಬೆರೊಸ್ಕಿ ಅವರ ಕೆಲಸ. ಅರ್ಜೆಂಟೀನಾದ ಮಕ್ಕಳ ಜೊತೆ ಕೂತು ಮಾಡಿದ ಅಧ್ಯಯನ, 1979ರಲ್ಲಿ ಪುಸ್ತಕವಾಯಿತು. ಓದು ಬರುವ ಮುಂಚೆಯೇ ಮಕ್ಕಳು ಬರಹದ ಬಗ್ಗೆ ತಮ್ಮದೇ ನಿಯಮ ಕಟ್ಟಿಕೊಂಡಿರುತ್ತಾರೆ ಎಂದು ಅವರು ತೋರಿಸಿದರು. ಒಂದೇ ಅಕ್ಷರ ಇದ್ದರೆ ಅದು 'ಓದೋಕೆ ಆಗಲ್ಲ', ಕಡಿಮೆ ಅಂದರೂ ಎರಡು ಮೂರು ಬೇಕು. ಒಂದೇ ಅಕ್ಷರ ಮತ್ತೆ ಮತ್ತೆ ಬಂದರೂ ಅದು ಪದ ಅಲ್ಲ. ಇನ್ನು ದೊಡ್ಡ ಪ್ರಾಣಿಯ ಹೆಸರಿಗೆ ಜಾಸ್ತಿ ಅಕ್ಷರ, ಸಣ್ಣದಕ್ಕೆ ಕಡಿಮೆ.

ಇದನ್ನು ಓದಿದ ಮೇಲೆ ನಾನೂ ಒಂದು ಸಲ ಪರೀಕ್ಷೆ ಮಾಡಿದೆ. ಪುಟ್ಟಿಗೆ ಆಗ ನಾಲ್ಕು ವರ್ಷ. ಎರಡು ಚೀಟಿಯಲ್ಲಿ 'ಆನೆ', 'ಇರುವೆ' ಎಂದು ಬರೆದು ಅವಳ ಮುಂದಿಟ್ಟೆ. ಯಾವುದು ಆನೆ ಎಂದೆ. ಅವಳು ಒಂದು ಕ್ಷಣವೂ ಯೋಚಿಸದೆ 'ಇರುವೆ' ಚೀಟಿಯನ್ನು ಎತ್ತಿದಳು. ಯಾಕೆ ಎಂದರೆ, "ಇದು ಉದ್ದ ಇದೆ ನೋಡು" ಎಂದಳು. ಆನೆಗೆ ಎರಡೇ ಅಕ್ಷರ, ಇರುವೆಗೆ ಮೂರು ಎಂದು ಹೇಳಿದಾಗ ಅವಳಿಗೆ ನಿಜಕ್ಕೂ ಬೇಜಾರಾಯಿತು. ಬರೆದವರು ಏನೋ ತಪ್ಪು ಮಾಡಿದ್ದಾರೆ ಎನ್ನುವ ಹಾಗೆ ಚೀಟಿ ತಿರುಗಿಸಿ ನೋಡಿದಳು. ಅವಳ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಹೇಳಿ? ಚಿತ್ರದಲ್ಲಿ ದೊಡ್ಡದು ದೊಡ್ಡದಾಗಿ ಕಾಣುತ್ತದೆ. ಹಾಗಾದರೆ ಬರಹದಲ್ಲೂ ಹಾಗೇ ಇರಬೇಕಲ್ಲ? ಬರಹ ಇರುವುದು ವಸ್ತುವಿನ ಲೆಕ್ಕದಲ್ಲಲ್ಲ, ಬಾಯಿಂದ ಬರುವ ಸದ್ದಿನ ಲೆಕ್ಕದಲ್ಲಿ ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಅಕ್ಷರ ತಿರುಗಿಸಿ ಬರೆಯುವುದರ ಬಗ್ಗೆ ತಾಯಂದಿರು ತುಂಬ ಕೇಳುತ್ತಾರೆ. ಮಗು 3 ಅನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆಯುತ್ತೆ, ಇಂಗ್ಲಿಷಿನ ಸಣ್ಣ ಬಿ, ಡಿ ಅದಲುಬದಲು ಮಾಡುತ್ತೆ, ಏನಾದರೂ ತೊಂದರೆ ಇರಬಹುದಾ ಎಂದು. ಫ್ರಾನ್ಸಿನ ಮಿದುಳು ವಿಜ್ಞಾನಿ ಸ್ತಾನಿಸ್ಲಾಸ್ ದೆಹಾನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಬರಹ ಹುಟ್ಟಿ ಸುಮಾರು 5,000 ವರ್ಷ ಆಗಿದೆ ಅಷ್ಟೇ. ಓದಿಗೆಂದೇ ಮಿದುಳಿನಲ್ಲಿ ಒಂದು ಜಾಗ ಬೆಳೆದು ಬರಲು ಅಷ್ಟು ಸಮಯ ಸಾಲದು. ಹಾಗಾಗಿ ಮುಖ, ವಸ್ತುಗಳನ್ನು ಗುರುತಿಸಲು ಇದ್ದ ಜಾಗದಲ್ಲೇ ಒಂದು ಭಾಗವನ್ನು ಮಿದುಳು ಓದಿಗೆ ಒಗ್ಗಿಸಿಕೊಳ್ಳುತ್ತದೆ. ಆ ಜಾಗಕ್ಕೆ ಒಂದು ಹಳೆಯ ಅಭ್ಯಾಸ ಇದೆ. ಕುರ್ಚಿ ಎಡಕ್ಕೆ ತಿರುಗಿದ್ದರೂ ಕುರ್ಚಿ, ಬಲಕ್ಕೆ ತಿರುಗಿದ್ದರೂ ಕುರ್ಚಿ. ಬೆಕ್ಕು ಯಾವ ಕಡೆಯಿಂದ ಬಂದರೂ ಬೆಕ್ಕು. ಹುಟ್ಟಿದಾಗಿನಿಂದ ಮಗುವಿಗೆ ಉಪಯೋಗಕ್ಕೆ ಬಂದದ್ದು ಈ ಅಭ್ಯಾಸ. ಈಗ ಇದ್ದಕ್ಕಿದ್ದ ಹಾಗೆ ನಾವು ಬಂದು, ಇಲ್ಲಿ ಮಾತ್ರ ಹಾಗಲ್ಲ, ತಿರುಗಿದರೆ ಬೇರೆ ಎನ್ನುತ್ತೇವೆ. ಕಲಿತದ್ದನ್ನು ಬಿಡಲು ಸಮಯ ಬೇಕು. ಶುರುವಿನ ವರ್ಷಗಳಲ್ಲಿ ಹೀಗೆ ತಿರುಗಿಸಿ ಬರೆಯುವುದು ಮಾಮೂಲು. ಅದರ ಮೇಲೆ ಕೆಂಪು ಗೀಟು ಎಳೆಯುವ ಅಗತ್ಯ ಇಲ್ಲ. ಪಕ್ಕದಲ್ಲಿ ಸರಿಯಾಗಿ ಒಮ್ಮೆ ಬರೆದು ತೋರಿಸಿದರೆ ಸಾಕು.

ಇನ್ನೊಂದು ಮಾತು. ದೆಹಾನ್ ಮತ್ತು ಅವರ ತಂಡ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ವಯಸ್ಕರ ಮಿದುಳನ್ನು ಸ್ಕ್ಯಾನ್ ಮಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಬಾರದವರು, ಚಿಕ್ಕಂದಿನಲ್ಲೇ ಕಲಿತವರು, ದೊಡ್ಡವರಾದ ಮೇಲೆ ಕಲಿತವರು, ಮೂರೂ ಥರದವರು ಅದರಲ್ಲಿದ್ದರು. ದೊಡ್ಡವರಾದ ಮೇಲೆ ಕಲಿತವರಲ್ಲೂ ಆ ಜಾಗ ಅಕ್ಷರಕ್ಕೆ ಒಗ್ಗಿಕೊಂಡಿತ್ತು. ಬಾಗಿಲು ಮುಚ್ಚಿಹೋಗುವುದಿಲ್ಲ. 'ಐದು ವರ್ಷ ಆಯ್ತು, ಇನ್ನೂ ಓದಲ್ಲ' ಎಂದು ನಿದ್ದೆ ಕೆಡಿಸಿಕೊಂಡವರಿಗೆ ಇದನ್ನು ಹೇಳಬೇಕೆನಿಸಿತು.

ಈಗ ನಿಮಗೇ ಒಂದು ಸಣ್ಣ ಪ್ರಶ್ನೆ. 'ಮನೆ' ಎಂಬ ಪದದಲ್ಲಿ ಮೊದಲ ಸದ್ದನ್ನು ತೆಗೆಯಿರಿ. ಏನು ಉಳಿಯಿತು?

(ಸಭೆಯಲ್ಲಿ ಬಹಳ ಜನ 'ನೆ' ಎಂದರು. ಹಿಂದಿನ ಸಾಲಿನಿಂದ ಒಬ್ಬರು 'ಅನೆ' ಎಂದರು.)

ಮ ಎಂದರೆ ಮ್ ಮತ್ತು ಅ, ಎರಡು ಸದ್ದು. ಮೊದಲನೆಯದನ್ನು ಮಾತ್ರ ತೆಗೆದರೆ ಉಳಿಯುವುದು 'ಅನೆ'. ಆದರೆ 'ನೆ' ಎಂದವರು ತಪ್ಪು ಹೇಳಿದಿರಿ ಅಂತ ನಾನು ಹೇಳಲಾರೆ. ನಮ್ಮ ಲಿಪಿ ನಮ್ಮ ಕಿವಿಗೆ ಕಲಿಸಿದ್ದೇ ಹಾಗೆ. ಕನ್ನಡ ಓದುವವರ ಕಿವಿಗೆ ಪದ ಅಕ್ಷರ ಅಕ್ಷರವಾಗಿ ಬಿಡಿಸಿಕೊಳ್ಳುತ್ತದೆ. ಅಕ್ಷರದೊಳಗಿನ ಸದ್ದು ಒಡೆದು ಕೇಳಿಸುವುದು ತಡವಾಗಿ.

ಪೋರ್ಚುಗಲ್‌ನಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು 1979ರಲ್ಲಿ ಇಂಥದ್ದೇ ಪ್ರಶ್ನೆಯನ್ನು ವಯಸ್ಕರಿಗೆ ಕೇಳಿದರು. ಪದದ ಮೊದಲ ಸದ್ದು ತೆಗೆಯಿರಿ, ಇಲ್ಲವೇ ಒಂದು ಸದ್ದು ಸೇರಿಸಿ. ಓದಲು ಕಲಿಯದವರಿಗೆ ಅದು ಬಹಳ ಕಷ್ಟವಾಯಿತು. ಅದೇ ಹಿನ್ನೆಲೆಯವರು, ಆದರೆ ದೊಡ್ಡವರಾದ ಮೇಲೆ ಓದಲು ಕಲಿತವರು, ಅದನ್ನು ಮಾಡಿದರು. ಹುಷಾರಿತನದ ಪ್ರಶ್ನೆ ಅಲ್ಲ ಅದು. ಸದ್ದು ಒಡೆದು ಕೇಳುವ ಕಿವಿ ಓದಿನ ಜೊತೆಗೇ ಬೆಳೆಯುತ್ತದೆ. ಮಗು 'ಮ್' ಎಂಬ ಸದ್ದನ್ನು ಬಿಡಿಸಿ ಹೇಳಲಿಲ್ಲ ಎಂದರೆ ಅದಕ್ಕೆ ಕಿವಿ ಕೇಳಿಸುತ್ತಿಲ್ಲ, ಗಮನ ಇಲ್ಲ ಎಂದೇನೂ ಅಲ್ಲ. ಅದು ಇನ್ನೂ ಬರುವ ದಾರಿಯಲ್ಲಿದೆ.

ಈಗ ನಮ್ಮ ಲಿಪಿಯ ವಿಷಯಕ್ಕೆ ಬರೋಣ. ನನಗೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. ಸ್ವರ 13, ಯೋಗವಾಹ 2, ವ್ಯಂಜನ 34. ನಲವತ್ತೊಂಬತ್ತೇ ತಾನೇ ಎಂದು ಹೇಳಿಬಿಡುತ್ತೇವೆ. ಆದರೆ ಮಗು ಪುಟದಲ್ಲಿ ನೋಡುವುದು ನಲವತ್ತೊಂಬತ್ತನ್ನಲ್ಲ. ಕ ದಿಂದ ಕಃ ತನಕ 15 ರೂಪ. 34 ವ್ಯಂಜನಕ್ಕೂ ಹಾಕಿದರೆ 510. ಇದಕ್ಕೆ ಒತ್ತಕ್ಷರ ಸೇರಿಸಿ. ಲೆಕ್ಕ ಎಲ್ಲಿಗೋ ಹೋಗುತ್ತದೆ. ಎಲ್ಲವನ್ನೂ ಒಂದೊಂದಾಗಿ ಬಾಯಿಪಾಠ ಮಾಡಬೇಕಿಲ್ಲ, ನಿಜ. ಒಳಗೊಂದು ಕ್ರಮ ಇದೆ. ಆ ಕ್ರಮ ಹೊಳೆಯುವ ತನಕ ಮಾತ್ರ ಮಗುವಿಗೆ ಅದೊಂದು ದೊಡ್ಡ ಸಂತೆ.

'ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು, ಕ ಕೊಂಬಿನ ಇಳಿ ಕೂ...' ಇದನ್ನು ರಾಗವಾಗಿ ಹೇಳಿದ ನೆನಪು ಇಲ್ಲಿರುವ ಎಷ್ಟೋ ಜನಕ್ಕೆ ಇರಬಹುದು. ಈ ಹೆಸರುಗಳ ಮೇಲೆ ನನಗೆ ತುಂಬ ಪ್ರೀತಿ. ಪ್ರತಿ ಗೆರೆಗೂ ಒಂದು ಹೆಸರಿದೆ. ಮಗು ಗೆರೆಯನ್ನು ಕಣ್ಣಲ್ಲಿ ಹಿಡಿಯಲು ಆ ಹೆಸರು ಆಧಾರವಾಗುತ್ತದೆ. ಆದರೆ ರಾಗದಲ್ಲಿ ಒಂದು ತೊಡಕೂ ಇದೆ. ಒಬ್ಬ ಹುಡುಗ ಕಾಗುಣಿತವನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. 'ಗೋ' ಎಂದು ಬರೆದು ತೋರಿಸಿದೆ. ಅವನು ಕೈ ಹಿಂದೆ ಕಟ್ಟಿಕೊಂಡ. ಬೆನ್ನ ಹಿಂದೆ ಬೆರಳು ಮಡಿಸುತ್ತಾ, "ಗ ಗಾ ಗಿ ಗೀ ಗು ಗೂ..." ಎಂದು ಪಿಸುಗುಟ್ಟುತ್ತಾ ಹೋಗಿ, ಕೊನೆಗೆ 'ಗೋ' ಬಂದಾಗ ಜೋರಾಗಿ ಹೇಳಿದ.

ಅವನಿಗೆ ಓದಲು ಬರುವುದಿಲ್ಲ ಅನ್ನುತ್ತೀರಾ? ನನ್ನ ಪ್ರಕಾರ ಅವನು ಅರ್ಧಕ್ಕಿಂತ ಜಾಸ್ತಿ ದಾರಿ ಬಂದಿದ್ದಾನೆ. ಅವನಿಗೆ 'ಗ' ಗೊತ್ತು. ಚಿಹ್ನೆ ಯಾವ ಮೆಟ್ಟಿಲಿನದು ಎಂದು ಗೊತ್ತು. ಅಲ್ಲಿಗೆ ನೇರ ಹೋಗುವುದು ಗೊತ್ತಿಲ್ಲ, ಕೆಳಗಿನ ಮೆಟ್ಟಿಲಿಂದ ಹತ್ತಿಯೇ ಬರಬೇಕು. ಇಂಥ ಮಗುವಿಗೆ ಮತ್ತೆ ಹತ್ತು ಸಲ ಕಾಗುಣಿತ ಹೇಳಿಸಿದರೆ ಮೆಟ್ಟಿಲೇ ಗಟ್ಟಿಯಾಗುತ್ತದೆ. ಅದರ ಬದಲು 'ಗೋ, ದೋ, ಸೋ, ರೋ' ಎಂದು ಒಂದೇ ಚಿಹ್ನೆಯನ್ನು ಬೇರೆ ಬೇರೆ ಅಕ್ಷರಕ್ಕೆ ಹಾಕಿ ತೋರಿಸಿ. ಎರಡು ದಿನದಲ್ಲಿ ಅವನ ಬೆರಳು ಸುಮ್ಮನಾಯಿತು.

ವರ್ಣಮಾಲೆಯ ಕ್ರಮ ಬಿಟ್ಟು 'ರ, ಗ, ಸ, ದ, ಅ' ಎಂದು ಶುರು ಮಾಡುವ ಪಾಠಗಳ ಹಿಂದಿನ ಯೋಚನೆಯೂ ನನಗೆ ಇದಕ್ಕೇ ಇಷ್ಟ. ಈ ಐದು ಬಂದರೆ ಸಾಕು, 'ಅರಸ', 'ಅಗಸ', 'ಸರ', 'ದರ', 'ಸರಸರ', 'ಗರಗರ' ಎಲ್ಲ ಓದಬಹುದು. ಮೊದಲ ವಾರದಲ್ಲೇ ಪದ ಸಿಗುತ್ತದೆ. 'ಕ ಖ ಗ ಘ ಙ' ಎಂದು ಶುರು ಮಾಡಿದರೆ ಐದನೆಯ ಅಕ್ಷರಕ್ಕೇ ಮಗು ಎಲ್ಲೂ ಕಾಣದ 'ಙ'ವನ್ನು ಹೊತ್ತು ನಿಲ್ಲಬೇಕು.

ಒತ್ತಕ್ಷರದ ಮಾತು ಇದಕ್ಕಿಂತ ದೊಡ್ಡದು. 'ಶಕ್ತಿ' ಎಂದು ಬರೆದು ಚಿಕ್ಕ ಮಗುವಿನ ಮುಂದೆ ಇಡಿ. ಎಷ್ಟೋ ಮಕ್ಕಳು 'ಶಕಿತ' ಎಂದು ಓದುತ್ತಾರೆ. ನಾವು ತಕ್ಷಣ ತಿದ್ದುತ್ತೇವೆ. ತಿದ್ದುವ ಮುಂಚೆ ಆ ಪದವನ್ನು ಮಗುವಿನ ಕಣ್ಣಿಂದ ಒಂದು ಸಲ ನೋಡಿ. ಮೇಲೆ ಕಾಣುವುದು 'ಕಿ'. ಗುಡಿಸು ಇರುವುದು ಕ ಮೇಲೆ. ಅದರ ಕೆಳಗೆ ತ ಒತ್ತು. ಕಣ್ಣು ಕಂಡ ಕ್ರಮದಲ್ಲಿ ಓದಿದರೆ 'ಶ-ಕಿ-ತ' ಅಂತಲೇ ಬರಬೇಕು. ನಾವು ಮಾತ್ರ ಗುಡಿಸನ್ನು ಕ ಮೇಲಿಂದ ಕಿತ್ತು, ಕೆಳಗಿನ ತ ಮೇಲೆ ಹಾಕಿ, 'ಕ್-ತಿ' ಎಂದು ಹೇಳುತ್ತೇವೆ. ಇಷ್ಟು ದೊಡ್ಡ ಕೆಲಸ ಮಾಡುತ್ತಿದ್ದೇವೆ ಎಂಬುದೇ ನಮಗೆ ಮರೆತುಹೋಗಿದೆ. ಮಗು 'ಶಕಿತ' ಎಂದಾಗ ಅದಕ್ಕೆ ಕ ಗೊತ್ತು, ಗುಡಿಸು ಗೊತ್ತು, ತ ಒತ್ತು ಗೊತ್ತು. ಗೊತ್ತಿಲ್ಲದಿರುವುದು ಒಂದೇ, ಸ್ವರ ಕೊನೆಗೆ ಸೇರುತ್ತದೆ ಎಂಬುದು. ಅದೊಂದನ್ನು ಹೇಳಿಕೊಟ್ಟರೆ ಮುಗಿಯಿತು.

ನನ್ನದೇ ಒಂದು ಅನುಭವ ಹೇಳಬೇಕು. ಒಂದನೇ ತರಗತಿಯಲ್ಲಿದ್ದಾಗ ಸರದಿಯಂತೆ ಎದ್ದು ನಿಂತು ಒಂದೊಂದು ಸಾಲು ಓದಿಸುತ್ತಿದ್ದರು. ನನಗೆ ಬಂದ ಸಾಲಿನಲ್ಲಿ 'ಸೂರ್ಯ' ಇತ್ತು. 'ಸೂಯರ್' ಎಂದು ಓದಿದೆ. ತರಗತಿ ನಕ್ಕಿತು. ಶಿಕ್ಷಕರು ಇನ್ನೊಮ್ಮೆ ಓದು ಎಂದರು. ಮತ್ತೆ 'ಸೂಯರ್' ಎಂದೆ. ಪುಟದಲ್ಲಿ ಇದ್ದದ್ದೇ ಹಾಗೆ, ಮೊದಲು ಸೂ, ಆಮೇಲೆ ಯ, ಕೊನೆಗೆ ಆ ಸುರುಳಿ. ಮೂರನೇ ಸಲವೂ ಓದಿಸಿದರು. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ.

ಆಮೇಲೆ ನಾನು ಒಂದು ಉಪಾಯ ಕಂಡುಕೊಂಡೆ. ನನಗಿಂತ ಮುಂಚೆ ಎಷ್ಟು ಜನ ಇದ್ದಾರೆ ಎಂದು ಎಣಿಸಿ, ನನ್ನ ಪಾಲಿಗೆ ಬರುವ ಸಾಲನ್ನು ಹುಡುಕಿ, ಪಕ್ಕದ ಹುಡುಗಿಯ ಹತ್ತಿರ ಪಿಸುಮಾತಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಸರದಿ ಬಂದಾಗ ಸರಾಗವಾಗಿ ಹೇಳಿಬಿಡುತ್ತಿದ್ದೆ. ನಾನು ಚೆನ್ನಾಗಿ ಓದುತ್ತೇನೆ ಎಂದು ಎಲ್ಲರೂ ತಿಳಿದರು. ಹಲವು ತಿಂಗಳು ನಾನು ಓದಲೇ ಇಲ್ಲ. ಯಾರಿಗೂ ಗೊತ್ತಾಗಲಿಲ್ಲ. ಸರಾಗವಾಗಿ ಓದುವ ಮಗುವನ್ನು ಕಂಡಾಗ ನನಗೆ ಈಗಲೂ ಒಮ್ಮೆ ಪುಸ್ತಕದ ಮಧ್ಯದ ಯಾವುದೋ ಪುಟ ತೆಗೆದು ಕೇಳಬೇಕು ಅನಿಸುವುದು ಇದಕ್ಕೇ.

ಹಾಗೆ ಮಧ್ಯದ ಪುಟ ತೆಗೆದವಳು ನನ್ನ ಅಕ್ಕ. ಅವಳು ನಕ್ಕಿಲ್ಲ, ಅಮ್ಮನಿಗೂ ಹೇಳಲಿಲ್ಲ. ಆ ಸುರುಳಿಯ ಮೇಲೆ ಬೆರಳಿಟ್ಟು, "ಇದಕ್ಕೆ ಅರ್ಕಾವತ್ತು ಅಂತಾರೆ. ಇದು ಕೂರೋದು ಹಿಂದೆ, ಕೂಗೋದು ಮುಂದೆ" ಎಂದಳು. ಅಷ್ಟೇ. ನಾನು 'ಸೂಯರ್' ಎಂದದ್ದು ಯಾಕೆ ಎಂದು ಅವಳಿಗೆ ಅರ್ಥವಾಗಿತ್ತು. ಕನ್ನಡದ ಅಂಕಿ ಒಂಬತ್ತರ ಹಾಗೇ ಕಾಣುವ ಆ ಚಿಹ್ನೆಯನ್ನು ಆಮೇಲೆ ನಾನು ಕಂಡ ಕಂಡಲ್ಲಿ ಹುಡುಕಿದೆ. ಕರ್ಣ, ಅರ್ಧ, ಮಾರ್ಗ, ವರ್ಷ. ಪ್ರತಿ ಸಲವೂ ಅದು ಹಿಂದೆ ಕೂತಿತ್ತು, ಮುಂದೆ ಕೂಗುತ್ತಿತ್ತು. ಒಂದು ಗುಟ್ಟು ಗೊತ್ತಾದ ಖುಷಿ ಅದು. ಓದು ನನ್ನದಾದದ್ದು ಆ ವಾರ.

ನಮ್ಮ ಮಕ್ಕಳಿಗೆ ಇದೆಲ್ಲ ಕೂಡಿಬರಲು ಎಷ್ಟು ಕಾಲ ಬೇಕು? ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಕ್ಷರಗಳ ಪೂರ್ತಿ ಪರಿಚಯಕ್ಕೆ ನಾಲ್ಕನೇ ತರಗತಿಯ ತನಕ, ಅದರಾಚೆಗೂ ಸಮಯ ಹಿಡಿಯುತ್ತದೆ ಎಂದು ಅದು ಹೇಳುತ್ತದೆ. ಒಂದನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಬರಬೇಕು ಎಂದು ನಾವು ಹಾಕಿಕೊಂಡ ಗಡುವು ಎಲ್ಲಿಂದ ಬಂತೋ! ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಶಾಲೆಯ ಮೊದಲ ವರ್ಷದ ಕೊನೆಗೆ ಫಿನ್ನಿಷ್, ಗ್ರೀಕ್‌ನಂಥ ಭಾಷೆಗಳ ಮಕ್ಕಳು ಪರಿಚಿತ ಪದಗಳಲ್ಲಿ ಶೇಕಡ 90ಕ್ಕಿಂತ ಜಾಸ್ತಿ ಸರಿಯಾಗಿ ಓದುತ್ತಿದ್ದರು. ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಶೇಕಡ 34ರಷ್ಟು. ಸ್ಕಾಟ್ಲೆಂಡಿನ ಮಕ್ಕಳು ದಡ್ಡರಲ್ಲ. ಇಂಗ್ಲಿಷಿನಲ್ಲಿ ಬರೆದದ್ದು ಒಂದು, ಓದುವುದು ಇನ್ನೊಂದು. ಕನ್ನಡದಲ್ಲಿ ಆ ಕಷ್ಟ ಇಲ್ಲ, ಬರೆದ ಹಾಗೇ ಓದುತ್ತೇವೆ. ನಮ್ಮ ಕಷ್ಟ ರೂಪಗಳ ಸಂಖ್ಯೆಯದು. ಪಕ್ಕದ ಮನೆಯ ಮಗು ಇಂಗ್ಲಿಷ್ ಓದಿತು, ನಮ್ಮದು ಇನ್ನೂ ಕನ್ನಡದಲ್ಲೇ ತಡವರಿಸುತ್ತಿದೆ ಎಂದು ಹೋಲಿಸುವವರು ಇದನ್ನು ನೆನಪಿಡಬೇಕು. ಎರಡು ಬೇರೆ ಬೇರೆ ಬೆಟ್ಟ ಅವು.

ಬೆರಳಿನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಇದು ತಿಳಿದಿತ್ತು. ಚೆನ್ನಾಗಿ ಓದುವ ದೊಡ್ಡವರ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ಹೊಸದಾಗಿ ಕಲಿಯುವ ಮಗುವಿನ ಕಣ್ಣು ಸಣ್ಣ ಸಣ್ಣ ಹಾರು ಹಾರುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ, ಜಾಸ್ತಿ ಸಲ ಹಿಂದೆ ಬರುತ್ತದೆ. ಆ ಕಣ್ಣಿಗೆ ಬೆರಳು ಊರುಗೋಲು. 'ಬೆರಳು ತೆಗೆದು ಓದು' ಎಂದು ಗದರಬೇಡಿ. ಬೇಡವಾದ ದಿನ ಅದೇ ಬಿಡುತ್ತದೆ. ಪುಟ್ಟಿಯ ಬೆರಳು ಇಲ್ಲದಿದ್ದರೆ 'ತೆ' ಕೆಳಗಿನ ಒತ್ತಿಗೆ ಅವಳು ಇಳಿದದ್ದು ನನಗೂ ಕಾಣುತ್ತಿರಲಿಲ್ಲ.

ಮಾತು ಮುಗಿದ ಮೇಲೆ ಒಬ್ಬ ತಂದೆ ಕೇಳಿದರು: ಯಾವ ವಯಸ್ಸಿಗೆ ಶುರು ಮಾಡಬೇಕು?

ಫಿನ್ಲೆಂಡಿನಲ್ಲಿ ಮಕ್ಕಳು ಶಾಲೆಯ ಒಂದನೇ ತರಗತಿಗೆ ಸೇರುವುದು ಏಳು ತುಂಬುವ ವರ್ಷ. ಆಗಲೇ ಹೇಳಿದೆನಲ್ಲ, ಆ ವರ್ಷದ ಕೊನೆಗೆ ಅವರು ಚೆನ್ನಾಗಿ ಓದುತ್ತಾರೆ. ಕೆಲವು ಮಕ್ಕಳು ನಾಲ್ಕಕ್ಕೇ ತಾವಾಗಿ ಕೇಳಿಕೊಂಡು ಬರುತ್ತಾರೆ. ಬಂದರೆ ಹೇಳಿಕೊಡಿ. ಬರದಿದ್ದರೆ ಕತೆ ಓದಿ ಹೇಳುತ್ತಾ ಇರಿ, ಅದನ್ನು ಮಾತ್ರ ಯಾವತ್ತೂ ನಿಲ್ಲಿಸಬೇಡಿ. ಮಗು ತಾನೇ ಓದಲು ಶುರು ಮಾಡಿದ ಮೇಲೂ.

ಒಬ್ಬ ಶಿಕ್ಷಕಿ ಕೇಳಿದರು: ಎಷ್ಟು ಕಾದರೂ, ಎಷ್ಟು ಹೇಳಿಕೊಟ್ಟರೂ ಓದು ಬರದ ಮಕ್ಕಳೂ ಇದ್ದಾರಲ್ಲ?

ಇದ್ದಾರೆ. ಎಲ್ಲ ತಪ್ಪೂ ಕಾದರೆ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲೇ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದಿದ್ದಾರೆ. ಮಾತಿನಲ್ಲಿ ಚುರುಕು, ಲೆಕ್ಕದಲ್ಲಿ ಸೈ, ಪದ ಮಾತ್ರ ಓದಲಾರ. ಇವತ್ತು ನಾವು ಡಿಸ್ಲೆಕ್ಸಿಯಾ ಎನ್ನುವುದು ಅದನ್ನೇ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಜೊತೆಯ ಮಕ್ಕಳಿಗೆ ಬಂದದ್ದು ಈ ಮಗುವಿಗೆ ತಿಂಗಳುಗಟ್ಟಲೆ ಬಾರದಿದ್ದರೆ ತಿಳಿದವರ ಹತ್ತಿರ ಕರೆದುಕೊಂಡು ಹೋಗಿ. ಬೇಗ ಗೊತ್ತಾದಷ್ಟೂ ಒಳ್ಳೆಯದು. ಆ ಮಗುವಿನ ತಪ್ಪನ್ನು ಹಾಗೇ ಬರೆದಿಟ್ಟುಕೊಂಡು ಹೋದರೆ ನೋಡುವವರಿಗೆ ಬಹಳ ಅನುಕೂಲ. 'ಓದಲ್ಲ' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಪದವನ್ನು ಹೇಗೆ ಓದಿತು ಎಂದರೆ ತಿಳಿಯುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಅಜ್ಜಿಯದು. ಮೊಮ್ಮಗನಿಗೆ ದಿನಾ ಓದಿಸುತ್ತಾರಂತೆ. "ಕಾಯಬೇಕು ಅಂತೀಯಲ್ಲಮ್ಮ, ಎಷ್ಟು ಹೊತ್ತು ಕಾಯೋದು?"

ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬವರು ತರಗತಿಗಳಲ್ಲಿ ಇದನ್ನೇ ಅಳೆದರು, 1970ರ ದಶಕದಲ್ಲಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಅವರು ನೋಡಿದ್ದು ವಿಜ್ಞಾನದ ಪಾಠ. ಓದುವ ಮಗುವಿಗೆ ನಾನು ಇನ್ನೂ ಸ್ವಲ್ಪ ಜಾಸ್ತಿ ಕೊಡುತ್ತೇನೆ. ಮಗು ಇನ್ನೂ ಆ ಪದವನ್ನೇ ನೋಡುತ್ತಿದ್ದರೆ ಕಾಯಿರಿ. ಕಣ್ಣು ಪುಟ ಬಿಟ್ಟು ನಿಮ್ಮ ಮುಖಕ್ಕೆ ಬಂದರೆ, ಅದಕ್ಕೆ ದಾರಿ ಕಟ್ಟಿದೆ ಎಂದು ಅರ್ಥ. ಆಗ ಹೇಳಿಕೊಡಿ, ತಡ ಮಾಡಬೇಡಿ.

ಒಂದು ಸಣ್ಣ ವಿಷಯ ಅಜ್ಜಿ, ನಾನು ಕಾಯುವಾಗ ಮಗುವಿನ ಮುಖ ನೋಡುವುದಿಲ್ಲ. ಮುಖ ನೋಡಿದರೆ ಅದು ನನ್ನ ಮುಖದಲ್ಲೇ ಉತ್ತರ ಹುಡುಕಲು ಶುರು ಮಾಡುತ್ತದೆ. ನಾನೂ ಪುಟವನ್ನೇ ನೋಡುತ್ತಾ ಕೂರುತ್ತೇನೆ. ಅವಳ ಬೆರಳು ಎಲ್ಲಿದೆಯೋ ಅಲ್ಲಿ.